ವೇಷಭೂಷಣಕ್ಕೆ ಎಂಟು

ತೀರ್ಪುಗಾರರ ಮೇಜಿನ ಮೇಲೆ ಗೋಡಂಬಿ ತಟ್ಟೆ ಇಟ್ಟವರಿಗೆ ಪುಣ್ಯ ಬರಲಿ ಎಂದುಕೊಂಡಳು ಸುಮತಿ. ಅದೊಂದು ಇಲ್ಲದಿದ್ದರೆ ಎಡಗಡೆ ಕೂತ ಶಾಂತಾರಾಮರು ಬೆಳಗಿನಿಂದ ಒಂದು ಗಳಿಗೆಯೂ ಬಾಯಿ ಮುಚ್ಚುತ್ತಿರಲಿಲ್ಲ. ಅಗಿಯುವಾಗಲಾದರೂ ಸುಮ್ಮನಿರುತ್ತಿದ್ದರು. ಹೊನ್ನಾವರದಲ್ಲಿ ರಂಗೋಲಿಯಿಂದ ಹಿಡಿದು ಚರ್ಚಾಕೂಟದವರೆಗೆ ಯಾವ ಸ್ಪರ್ಧೆ ನಡೆದರೂ ಈ ನಿವೃತ್ತ ಹೆಡ್‌ಮಾಸ್ತರರೇ ತೀರ್ಪುಗಾರರು. ಇವತ್ತಿನದು ಮಹಿಳೆಯರ ಜಾಝ್ ಫ್ಯೂಷನ್ ಗಿಟಾರ್ ಸ್ಪರ್ಧೆ. ಜಾಝ್ ಅಂದರೆ ಏನೆಂದು ಬೆಳಿಗ್ಗೆ ಚಹ ಕುಡಿಯುವಾಗ ಅವರು ಸುಮತಿಯನ್ನೇ ಕೇಳಿದ್ದರು. ಅವಳು ಹೇಳತೊಡಗಿದಳು. ಮೂರನೇ ವಾಕ್ಯಕ್ಕೆ ಅವರ ಕಣ್ಣು ವಡೆಯ ಮೇಲಿತ್ತು.

ಬಲಗಡೆ ಮೂರನೆಯ ತೀರ್ಪುಗಾರ ಪ್ರದೀಪ. ಭಟ್ಕಳದಲ್ಲಿ ಅವನದು ದೊಡ್ಡ ಸೌಂಡ್ ಸಿಸ್ಟಮ್ ವ್ಯವಹಾರ. ಇಪ್ಪತ್ತೆರಡು ವರ್ಷದ ಹಿಂದೆ ಅವನದೇ ಆರ್ಕೆಸ್ಟ್ರಾ ಪಾರ್ಟಿ ಇತ್ತು, ಅದರಲ್ಲಿ ಸುಮತಿ ಗಿಟಾರ್ ಹಿಡಿದು ಒಂದು ಸೀಸನ್ನು ನಿಂತಿದ್ದಳು. ನಿಂತಿದ್ದಳು ಅನ್ನುವುದೇ ಸರಿ. ಅವಳ ಗಿಟಾರಿನ ವಯರಿನ ಇನ್ನೊಂದು ತುದಿ ಯಾವ ಆಂಪ್ಲಿಫೈಯರಿಗೂ ಹೋಗುತ್ತಿರಲಿಲ್ಲ, ಹಿಂದಿದ್ದ ಕಬ್ಬಿಣದ ಖುರ್ಚಿಯ ಕಾಲಿಗೆ ಕಟ್ಟಿರುತ್ತಿತ್ತು. ಪರದೆಯ ಹಿಂದೆ ಒಬ್ಬ ಹುಡುಗ ಕೂತು ನುಡಿಸುತ್ತಿದ್ದ. ಸುಮತಿಗೆ ಬಾರದೆ ಇದ್ದದ್ದಲ್ಲ. ಆ ಹುಡುಗನಿಗೆ ಅರ್ಧ ಹಾಡು ಕಲಿಸಿಕೊಟ್ಟವಳೇ ಅವಳು. ಕೇಳಿದ್ದಕ್ಕೆ ಪ್ರದೀಪ, "ಜನ ನಿನ್ನ ನೋಡೂಕೆ ಬರೂದು ಮಾರಾಯ್ತಿ, ಕೇಳೂಕಲ್ಲ" ಎಂದು ನಕ್ಕಿದ್ದ. ಅವಳು ಪಾರ್ಟಿಯನ್ನು ಅಲ್ಲಿಗೆ ಬಿಟ್ಟಳು. ಈಗ ಕುಮಟೆಯ ಹೈಸ್ಕೂಲೊಂದರಲ್ಲಿ ಸಂಗೀತದ ಟೀಚರು. ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಾಳೆ.

ಆ ಪ್ರದೀಪನ ಪಕ್ಕ ಕೂರಬೇಕಲ್ಲ ಎಂಬ ಹೇಸಿಗೆಯನ್ನು ನುಂಗಿಕೊಂಡೇ ಅವಳು ಬೆಳಿಗ್ಗೆ ಬಸ್ಸು ಹತ್ತಿದ್ದಳು. ಮೂರು ಜೊತೆ ಕಿವಿಗಳಲ್ಲಿ ಒಂದು ಜೊತೆಯಾದರೂ ಕೇಳುವ ಕಿವಿ ಇರಲಿ ಎಂಬ ಹಟ ಅವಳದು. ಬಹುಮಾನವೂ ಸಣ್ಣದಲ್ಲ. ಗೆದ್ದವಳನ್ನು ಮಂಗಳೂರಿನ ಫ್ಯೂಷನ್ ತಂಡವೊಂದು ಈ ಸೀಸನ್ನಿಗೆ ಗಿಟಾರಿಗೆ ಕರೆದುಕೊಳ್ಳುತ್ತದೆ. ಈ ಕರಾವಳಿಯಲ್ಲಿ ಒಂದು ಹುಡುಗಿಗೆ ಅಂಥ ಬಾಗಿಲು ತೆರೆಯುವುದು ಅಪರೂಪ.

ಸ್ಪರ್ಧೆ ನಡೆಸುವ ಕಲಾ ಬಳಗದ ಕಾರ್ಯದರ್ಶಿ ಕಮಲಾಕರ ಅಂಕದ ಹಾಳೆಗಳನ್ನು ಹಂಚಿದ. ಒಬ್ಬೊಬ್ಬ ಸ್ಪರ್ಧಿಗೆ ಒಂದೊಂದು ಹಾಳೆ. ನುಡಿಸಿ ಮುಗಿಸಿದ ಕೂಡಲೇ ಬರೆದು ಕೊಡಬೇಕು. ಹೋದ ವರ್ಷ ಪಾಲಕರು ಜಗಳ ತೆಗೆದದ್ದರಿಂದ ಈಗ ಎಲ್ಲ ಪಾರದರ್ಶಕ: ಕೊನೆಗೆ ಪ್ರತಿ ಸ್ಪರ್ಧಿಗೂ ಅವರವರ ಹಾಳೆಗಳ ಝೆರಾಕ್ಸ್ ಕೊಡುತ್ತಾರೆ. ತಿದ್ದಿದರೆ ತಿದ್ದಿದ ಕಡೆ ಸಹಿ ಬೇಕು.

"ಒಮ್ಮೆ ಕೊಟ್ಟ ಅಂಕ ಕಡಿಮೆ ಮಾಡೂಕಿಲ್ಲ ಹಾಂ," ಎಂದ ಕಮಲಾಕರ. "ಅದೊಂದು ನೆನಪಿಟ್ಕಳಿ."

ಹಾಳೆಯ ತಲೆಬರಹದ ಮೇಲೆ ಒಂದು ಬಿಳಿ ಚೀಟಿ ಅಂಟಿಸಿ 'ಗಿಟಾರ್ ಸ್ಪರ್ಧೆ' ಎಂದು ಬರೆದಿದ್ದರು. ಬೆಳಕಿಗೆ ಹಿಡಿದರೆ ಕೆಳಗಿನ 'ಛದ್ಮವೇಷ ಸ್ಪರ್ಧೆ' ಕಾಣುತ್ತಿತ್ತು. ಪ್ರತಿವರ್ಷ ಸಣ್ಣ ಮಕ್ಕಳಿಗೆ ಕೃಷ್ಣ, ಝಾನ್ಸಿರಾಣಿ ವೇಷ ಹಾಕಿಸುವ ಸ್ಪರ್ಧೆಯ ಫಾರಮ್ಮೇ ಅದು. ಅದರಲ್ಲೇ ಲಯ, ಕಲ್ಪನೆ, ಹಿಡಿತ ಎಂದು ಹೊಸದಾಗಿ ಸೇರಿಸಿದ ಸಾಲುಗಳ ಕೆಳಗೆ ಹಳೆಯದೊಂದು ಹಾಗೆಯೇ ಉಳಿದಿತ್ತು: ವೇಷಭೂಷಣ, ಹತ್ತು ಅಂಕ. ಸುಮತಿ ಅದನ್ನು ಓದಿದಳು, ಓದಿಯೂ ಅದರ ಮೇಲೆ ಗಮನ ನಿಲ್ಲಿಸಲಿಲ್ಲ. ಶಾಲೆಯಲ್ಲಿ ಇಂಥ ನೂರು ಫಾರಮ್ಮು ತುಂಬಿದ ಕೈ. ಮೊದಲ ಮೂವರಿಗೆ ಆ ಸಾಲಿನಲ್ಲಿ ಎಂಟು, ಎಂಟು, ಎಂಟು ಎಂದು ಗೀಚಿ ಕೊಟ್ಟುಬಿಟ್ಟಳು.

ಎರಡನೆಯವಳಾಗಿ ಬಂದ ಶ್ರೀಗೌರಿ ಚೆನ್ನಾಗಿಯೇ ನುಡಿಸಿದಳು. ರೇಷ್ಮೆ ಸೀರೆ, ತಿಳಿನೀಲಿ ಗಿಟಾರು. ಬೆರಳು ಸ್ವಚ್ಛ. ಆದರೆ ಎಲ್ಲ ಬಾಯಿಪಾಠ, ಮನೆಯಲ್ಲಿ ಕೂಡಿಸಿಟ್ಟದ್ದನ್ನು ವೇದಿಕೆಯಲ್ಲಿ ಬಿಚ್ಚಿ ಇಟ್ಟ ಹಾಗೆ.

"ಕಂಡ್ರಾ? ಲಕ್ಷಣ ಅಂದ್ರೆ ಇದು," ಎಂದರು ಶಾಂತಾರಾಮರು. "ಹೆಣ್ಣುಮಗಳ ಮಟ್ಟಿಗೆ ಭಾರೀ ಆತು."

"ಹೆಣ್ಮಕ್ಳಿಗೆ ಜಾಝು ಅಂದ್ರೆ ಇಷ್ಟೇಯ. ಬೆರಳು ಸಣ್ಣ ಅಲ್ದಾ," ಎಂದ ಪ್ರದೀಪ. ಸೀರೆಯ ಅಂಚಿನವರೆಗೂ ಅವನ ನೋಟ ಇಳಿದು ಬಂತು.

ಸುಮತಿ ಹೇಸಿಗೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. ಇವರಿಗೆ ಕಿವಿ ಯಾತಕ್ಕೆ ಕೊಟ್ಟ ದೇವರು, ಕನ್ನಡಕ ಸಿಕ್ಕಿಸಿಕೊಳ್ಳಲಿಕ್ಕೆ?

ನಾಲ್ಕನೆಯವಳು ಅಂಕಿತಾ. ನಿರೂಪಕಿ ಓದಿದಳು: ಅಘನಾಶಿನಿಯವರು, ಕುಮಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ, ತಾಯಿಯವರದು ಬಳಚು ವ್ಯಾಪಾರ. ಸಮುದ್ರದ ಇಳಿತದ ಹೊತ್ತಿಗೆ ಹೊಳೆಯ ಕೆಸರಿನಲ್ಲಿ ಕೂತು ಬಳಚು ಎಂಬ ತಿನ್ನುವ ಚಿಪ್ಪುಮೀನು ಹೆಕ್ಕುವುದು ಆ ಊರಿನ ಅರ್ಧ ಹೆಂಗಸರ ಕೆಲಸ. ಹುಡುಗಿಯೂ ತಾಯಿಯ ಜೊತೆ ಹೋಗುತ್ತಿರಬೇಕು. ಚಿಪ್ಪು ಕೊಯ್ದ ಗೆರೆಗಳು ಎರಡೂ ಕೈಯಲ್ಲಿದ್ದವು. ಮಾಸಿದ ಹಸಿರು ಚೂಡಿದಾರ, ವೇಲನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಯಾರಿಗೂ ನಮಸ್ಕಾರ ಹೊಡೆಯದೆ ಸೀದಾ ವಯರು ಚುಚ್ಚಿದಳು. ಆ ವಯರು ಎಲ್ಲಿಗೆ ಹೋಗುತ್ತದೆಂದು ಸುಮತಿ ಕತ್ತು ಉದ್ದ ಮಾಡಿ ನೋಡಿದಳು. ಆಂಪ್ಲಿಫೈಯರಿಗೇ ಹೋಗಿತ್ತು.

ಏಳು ಪೆಟ್ಟಿನ ತಾಳ. ಸುಮತಿ ಕಣ್ಣು ಮುಚ್ಚಿದಳು. ಹುಡುಗಿ ನಿಧಾನವಾಗಿ, ಇನ್ನೂ ಏನು ಹೇಳಬೇಕೆಂದು ಗೊತ್ತಿಲ್ಲದವಳ ಹಾಗೆ ಶುರುಮಾಡಿದಳು. ಒಂದು ಸ್ವರ ಬಿಟ್ಟು, ಕಾದು, ಇನ್ನೊಂದು. ಕಾಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಆಮೇಲೆ ಓಟ ಹೆಚ್ಚಿತು. ಡ್ರಮ್ಮಿಗೆ ಕೂತಿದ್ದ ಕುಮಟೆಯ ಸಂತೋಷ ನಡುವೆ ಎಲ್ಲೋ ಒಂದು ಪೆಟ್ಟು ನುಂಗಿಬಿಟ್ಟ. ಈಗ ಎಲ್ಲ ಕುಸಿಯುತ್ತದೆ ಎನ್ನುವಷ್ಟರಲ್ಲಿ ಅಂಕಿತಾ ತಪ್ಪಿದ ಜಾಗದಲ್ಲಿ ಎರಡೇ ಎರಡು ಸ್ವರ ಇಟ್ಟಳು, ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ಬೇಕೆಂದೇ ಪೆಟ್ಟು ಬಿಟ್ಟಳು, ಮೂರನೇ ಸುತ್ತಿಗೆ ಸಂತೋಷನ ತಪ್ಪು ತಪ್ಪೇ ಆಗಿರದೆ ಹಾಡಿನ ಬೆನ್ನೆಲುಬಾಗಿತ್ತು. ಇದು ಕಲಿಸಿದರೆ ಬರುವುದಲ್ಲ.

"ಕೈ ಕಂಡ್ರಾ?" ಕಿವಿಯ ಹತ್ತಿರ ಶಾಂತಾರಾಮರ ದನಿ. "ಬಳಚು ಆರ್ಸೂ ಕೈ. ನಾತ ಇಲ್ಲೀವರಿಗೆ ಬತ್ತದೆ." ಅವರು ನಿಜವಾಗಿಯೂ ಕರ್ಚೀಪು ತೆಗೆದು ಮೂಗಿಗೆ ಹಿಡಿದಿದ್ದರು. ಆಚೆಯಿಂದ ಪ್ರದೀಪ ಕಿಸಕ್ಕೆಂದ.

"ಡ್ರೆಸ್ಸಾದ್ರೂ ನೋಡಿ. ಸಂತೆಗೆ ಬಂದಾಂಗೆ ಬಂದದೆ. ನಾ ಮೂರು ಹಾಕಿದೆ ನೋಡಿ ವೇಷಭೂಷಣಕ್ಕೆ," ಎಂದ ಪ್ರದೀಪ.

ಆಗ ಸುಮತಿಗೆ ಆ ಸಾಲು ಮೊದಲ ಬಾರಿಗೆ ಕಣ್ಣಿಗೆ ಹೊಡೆದಂತೆ ಕಂಡಿತು. ವೇಷಭೂಷಣ! ಇಪ್ಪತ್ತೆರಡು ವರ್ಷವಾದ ಮೇಲೂ ಅದೇ ಖುರ್ಚಿಯ ಕಾಲು, ಅದೇ ವಯರು. ಪೆನ್ನು ಒತ್ತಿ ಹಿಡಿದು ಆ ಸಾಲಿನ ಮೇಲೆ ಉದ್ದಕ್ಕೆ ಗೀಟು ಎಳೆದಳು, ಹಾಳೆ ಹರಿಯುವಷ್ಟು ಜೋರಾಗಿ. ಉಳಿದ ಎಲ್ಲ ಸಾಲಿಗೂ ಪೂರ್ತಿ ಅಂಕ ಕೊಟ್ಟಳು. ಹಾಳೆ ಕಮಲಾಕರನ ಕೈಗಿಡುವಾಗ ಮನಸ್ಸು ಹಗುರಾಗಿತ್ತು. ಒಂದು ಒಳ್ಳೆಯ ಕೆಲಸ ಮಾಡಿದೆ ಅನಿಸಿತು. ಐದನೆಯ, ಕೊನೆಯ ಹುಡುಗಿಯ ಹಾಳೆಯಲ್ಲೂ ಹಾಗೆಯೇ ಗೀಟು ಎಳೆದಳು.

ಹಿಂದಿನ ಕೋಣೆಯಲ್ಲಿ ಕಮಲಾಕರ ಕೂಡಿಸಿ ಮುಗಿಸುವಾಗ ಮಧ್ಯಾಹ್ನ ಒಂದೂವರೆ.

"ಶ್ರೀಗೌರಿ ಫಸ್ಟು. ಅಂಕಿತಾ ಸೆಕೆಂಡು. ಮೂರೇ ಮಾರ್ಕು ಫರಕು," ಎಂದ.

"ಅದು ಹೇಗೆ?" ಸುಮತಿ ಎದ್ದು ನಿಂತಳು. ಹಾಳೆಗಳನ್ನು ಎಳೆದುಕೊಂಡು ನೋಡಿದಳು. ಸಂಗೀತದ ಸಾಲುಗಳಲ್ಲಿ ಅಂಕಿತಾಳೇ ಮುಂದಿದ್ದಳು. ಸಭೆಯ ಚಪ್ಪಾಳೆ ನೋಡಿ ಆ ಇಬ್ಬರೂ ಅಷ್ಟು ಕೊಟ್ಟಿದ್ದರು. ಮೂರು ಮಾರ್ಕು ಎಲ್ಲಿಂದ ಬಂತೆಂದು ಹುಡುಕುತ್ತ ಹೋದ ಅವಳ ಬೆರಳು ತನ್ನದೇ ಹಾಳೆಯ ಮೇಲೆ ನಿಂತಿತು. ಶ್ರೀಗೌರಿಗೆ ವೇಷಭೂಷಣಕ್ಕೆ ಎಂಟು. ಅಂಕಿತಾಳಿಗೆ ಗೀಟು. ಕೂಡಿಸುವವನಿಗೆ ಗೀಟು ಅಂದರೆ ಸೊನ್ನೆ.

ತಾನೇ. ಆ ಕರ್ಚೀಪಿನವನಲ್ಲ, ಈ ಕಿಸಕ್ಕೆಂದವನಲ್ಲ. ಅವರು ಕೂಡ ಆ ಸಾಲಿಗೆ ಮೂರೋ ನಾಲ್ಕೋ ಕೊಟ್ಟಿದ್ದರು. ಸೊನ್ನೆ ಕೊಟ್ಟವಳು ತಾನೊಬ್ಬಳೇ.

"ಈ ಸಾಲೇ ಬೇಡ. ಎಲ್ಲರದ್ದೂ ತೆಗೆದುಬಿಡಿ. ಗಿಟಾರ್ ಸ್ಪರ್ಧೆಗೆ ಸೀರೆ ಎಂತಕ್ಕೆ?"

"ಫಾರಂ ಕಮಿಟೀಲಿ ಪಾಸಾದದ್ದು," ಎಂದರು ಶಾಂತಾರಾಮರು ಬಾಳೆಹಣ್ಣು ಸುಲಿಯುತ್ತ.

"ಹಾಗಾದ್ರೆ ನಾನು ಮೊದಲ ಮೂವರಿಗೆ ಕೊಟ್ಟ ಎಂಟನ್ನಾದ್ರೂ ಹೊಡೆದು ಹಾಕ್ತೇನೆ."

"ಕೊಟ್ಟದ್ದು ಕಡಿಮೆ ಮಾಡೂಕಿಲ್ಲ ಅಂತ ಬೆಳಿಗ್ಗೇನೇ ಹೇಳಿದ್ನಲ್ರಾ ಮೇಡಂ," ಕಮಲಾಕರ ತಲೆ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಹೊರಗೆ ಕೂತ ಪಾಲಕರಿಗೆ ಹೆದರಿದವನು. "ಬಿಟ್ಟದ್ದು ತುಂಬೂಕೆ ಅಡ್ಡಿಲ್ಲ. ಒಂದು ನಂಬರು ಬರ್ದು ಸಹಿ ಹಾಕಿ, ಆತು. ಕಡೆಯವಳಿಗೂ ಬರೀರಿ, ಅವಳದು ಹೆಂಗೂ ಐದನೇ ಸ್ಥಾನವೇಯ."

"ಆ ಡ್ರೆಸ್ಸಿಗೆ ನೀವು ಎಷ್ಟು ಕೊಡ್ತ್ರಿ, ನೋಡ್ವ," ಎಂದ ಪ್ರದೀಪ, ಖುರ್ಚಿಯನ್ನು ಹಿಂದಕ್ಕೆ ವಾಲಿಸಿ.

ಹೊರಗೆ ಮೈಕಿನಲ್ಲಿ ಫಲಿತಾಂಶ ಇನ್ನು ಐದು ನಿಮಿಷದಲ್ಲಿ ಎನ್ನುತ್ತಿದ್ದರು. ಸುಮತಿಗೆ ಆ ಪೆನ್ನು ಮುಟ್ಟಲೂ ಮನಸ್ಸಿರಲಿಲ್ಲ. ಬರೆಯದಿದ್ದರೆ ಗೀಟು ಶುದ್ಧವಾಗಿ ಉಳಿಯುತ್ತದೆ, ಹುಡುಗಿ ನಾಳೆ ಮೊಬೈಲ್ ಅಂಗಡಿಗೆ ಹೋಗುತ್ತಾಳೆ. ಬರೆದರೆ ತಾನೂ ಈ ಮೇಜಿನವಳೇ. ಆ ಹಸಿರು ಚೂಡಿದಾರವನ್ನು ನೆನಪಿಸಿಕೊಂಡು, ಅದಕ್ಕೆ ಬೆಲೆ ಕಟ್ಟಿ, ಗೀಟಿನ ಮೇಲೆ 8 ಎಂದು ಬರೆದಳು. ಪಕ್ಕದಲ್ಲಿ ಸಹಿ ಹಾಕಿದಳು.

"ಕಂಡ್ರಾ," ಪ್ರದೀಪ ತೊಡೆ ತಟ್ಟಿಕೊಂಡು ನಕ್ಕ. "ಕಡೆಗೂ ಹೆಣ್ಣು ಗೆಲ್ಲೂದು ಡ್ರೆಸ್ಸಿಂದನೇ."

ಅವನ ಮುಖಕ್ಕೆ ಉಗಿಯಬೇಕೆನ್ನಿಸಿತು. ಬಾಯಿ ಒಣಗಿಹೋಗಿತ್ತು.

ಬಹುಮಾನ ಕೊಟ್ಟವರು ಶಾಂತಾರಾಮರೇ. ಮೊದಲನೆಯವಳಾದ ಅಂಕಿತಾಳ ಕೈ ಮುಟ್ಟಬೇಕಾದೀತೆಂದು ಟ್ರೋಫಿಯನ್ನು ಬುಡದಲ್ಲಿ ಹಿಡಿದು ಚಾಚಿದ್ದನ್ನು ಸುಮತಿ ಕೆಳಗಿನಿಂದ ನೋಡಿದಳು. ಮಂಗಳೂರಿನ ತಂಡದವನೊಬ್ಬ ಬಂದು ಅಂಕಿತಾಳ ಫೋನ್ ನಂಬರು ಬರೆದುಕೊಂಡ. ಅದಾದರೂ ಆಯಿತಲ್ಲ ಎಂದು ಸುಮತಿ ಉಸಿರು ಬಿಟ್ಟಳು. ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿಗೆ ಹೊರಟವಳನ್ನು ಗೇಟಿನ ಹತ್ತಿರ ಹುಡುಗಿಯೇ ಓಡಿಬಂದು ನಿಲ್ಲಿಸಿದಳು. ಬೆನ್ನಿಗೆ ಗಿಟಾರು, ಕೈಯಲ್ಲಿ ಟ್ರೋಫಿ, ಕಂಕುಳಲ್ಲಿ ಝೆರಾಕ್ಸ್ ಹಾಳೆಗಳು.

"ಮೇಡಂ, ನೀವೊಬ್ರೇ ಕಣ್ಣು ಮುಚ್ಕಂಡು ಕೇಳ್ತಿದ್ರಿ. ನಾ ಕಂಡಿದ್ದೆ. ಸಂತೋಷಣ್ಣಂದು ಪೆಟ್ಟು ತಪ್ಪಿದ್ದು ನಿಮಗೆ ಗೊತ್ತಾತು ಅಲ್ದಾ?"

"ಗೊತ್ತಾಯ್ತು ಮಗಾ. ನೀನು ಅದನ್ನು ಎತ್ತಿಕೊಂಡದ್ದೂ ಗೊತ್ತಾಯ್ತು."

ಹುಡುಗಿಯ ಮುಖ ಅರಳಿತು. ಇಪ್ಪತ್ತೆರಡು ವರ್ಷದಲ್ಲಿ ಸುಮತಿಗೆ ಅಷ್ಟು ಸಂತೋಷ ಆದದ್ದಿಲ್ಲ. ನಿಮ್ಮ ಹಾಳೇನೇ ಮೊದಲು ಹುಡುಕಿದೆ ಎನ್ನುತ್ತ ಅಂಕಿತಾ ಅದನ್ನು ಮೇಲಕ್ಕೆ ತೆಗೆದಳು. ಲಯಕ್ಕೆ ಪೂರ್ತಿ, ಕಲ್ಪನೆಗೆ ಪೂರ್ತಿ ಎಂದು ಬೆರಳಿಟ್ಟು ಓದುತ್ತ ಕೆಳಗೆ ಬಂದಳು. ಬೆರಳು ನಿಂತಿತು.

"ಇದು ಎಂತದು? ಮೊದ್ಲು ಗೀಟು ಹಾಕಿದ್ರಿ. ಮತ್ತೆ ಎಂಟು ಬರ್ದ್ರಿ. ಸಹಿ ನಿಮ್ದೇ."

"ಅದಿಲ್ಲದಿದ್ರೆ ನೀನು ಎರಡನೆಯವಳಾಗ್ತಿದ್ದೆ."

ಅಂಕಿತಾ ತನ್ನ ಚೂಡಿದಾರವನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಸುಮತಿಯನ್ನು ನೋಡಿದಳು. ಆ ನೋಟ ಸುಮತಿಗೆ ಗುರುತಿತ್ತು. ಬೆಳಗಿನಿಂದ ತಾನು ಎಡಕ್ಕೂ ಬಲಕ್ಕೂ ನೋಡುತ್ತಿದ್ದುದು ಅದೇ ನೋಟದಿಂದ.

"ಹಂಗಾರೆ ಗೆಲ್ಸಿದ್ದು ಇದು," ಎಂದಳು ಹುಡುಗಿ, ವೇಲಿನ ತುದಿ ಹಿಡಿದು ತೋರಿಸಿ.

"ಹಾಗಲ್ಲ, ಕೇಳಿಲ್ಲಿ. ಮೊದಲು ಮೂರು ಜನಕ್ಕೆ ನಾನು ನೋಡದೆ ಕೊಟ್ಟುಬಿಟ್ಟಿದ್ದೆ, ಆಮೇಲೆ ಅವರು ನಿನ್ನ ಬಗ್ಗೆ..." ಏನು ಹೇಳಿದರೂ ಕೊನೆಗೆ ಆ ಎಂಟು ಎಂಟಾಗಿಯೇ ಇರುತ್ತಿತ್ತು.

"ಮಂಗ್ಳೂರಿಗೆ ನಾ ಹೋಗೇ ಹೋತೆ ಮೇಡಂ. ಬಿಡೂದಿಲ್ಲ," ಎಂದಳು ಅಂಕಿತಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ಈ ಹಾಳೆ ನಿಮ್ಮತ್ರನೇ ಇರ್ಲಿ. ಅವ್ವಿಗೆ ಓದೂಕೆ ಬತ್ತದೆ."

ಹಾಳೆಯನ್ನು ಸುಮತಿಯ ಕೈಯಲ್ಲಿಟ್ಟು, ಬೆರಳುಗಳನ್ನು ವೇಲಿಗೆ ಒರೆಸಿಕೊಂಡು ನಡೆದಳು.

ಕುಮಟೆ ಬಸ್ಸು ಬಂತು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಹಳದೀಪುರ ದಾಟುವವರೆಗೂ ಸುಮತಿ ಆ ಹಾಳೆಯನ್ನು ಮಡಚದೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಎಂಟನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವಷ್ಟು ದುಂಡಗೆ ಬರೆದಿದ್ದಳು. ಟಿಕೆಟ್ ಕೇಳಿದ ಕಂಡಕ್ಟರು ಇಣುಕಿ ನೋಡಿ, "ಒಳ್ಳೇ ಮಾರ್ಕು ಬಂದದಲ್ರಾ" ಎಂದ.