ಬಿಸಿ ಚರಟದ ಅಡಿಯಲ್ಲಿ

ಹಂಡೆಯಿಂದ ಕೊನೆಯ ಸಲಿಕೆ ಬಾರ್ಲಿ ಚರಟವನ್ನು ಎಳೆದು ಹಾಕುವ ಹೊತ್ತಿಗೆ ಮಾರ್ಲಿಸಳ ಭುಜಗಳು ಕಳಚಿ ಬಿದ್ದಂತಾಗಿದ್ದವು. ಬಿಯರಿಗೆ ಬೇಕಾದ ಸಿಹಿರಸವೆಲ್ಲ ಬಸಿದುಹೋದ ಮೇಲೆ ಉಳಿಯುವ ಈ ಚರಟ ಹೊರಗೆ ಬರುವಾಗ ಬಿಸಿ ಗಂಜಿಯಂತೆ ಘಮಘಮಿಸುತ್ತದೆ. ವಿಸ್ಕಾನ್ಸಿನ್ನಿನ ಜುಲೈ ಸೆಕೆಯಲ್ಲಿ ಎರಡು ದಿನ ಬಿಟ್ಟರೆ ಮೂಗು ಮುಚ್ಚಿಕೊಳ್ಳಬೇಕು.

ಈ ವಾರ ಬಿಟ್ಟಾಗಿತ್ತು. ಹಸುಗಳಿಗೆಂದು ಚರಟ ಒಯ್ಯುವ ಓರ್ಲಿನ್ ಹೋವ್ಡೆಯ ಪಿಕಪ್ ಕೆಟ್ಟು, ಸೋಮವಾರ ಆತ ಬಂದಿರಲಿಲ್ಲ; ಅಂದಿನ ಚರಟ ಅರ್ಧ ತೊಟ್ಟಿಯಷ್ಟು ಹಾಗೇ ಉಳಿದಿತ್ತು. ಬಿಯರ್ ಕಾರ್ಖಾನೆಯ ಮಾಲೀಕ ಕೆಲಸ ನಿಲ್ಲಿಸಲು ಒಪ್ಪಲಿಲ್ಲ. ಇದ್ದ ಎರಡು ಖಾಲಿ ತೊಟ್ಟಿಗಳು ಇವತ್ತು, ಗುರುವಾರ, ತುಂಬಿಹೋದವು. ಹಂಡೆಯಲ್ಲೇ ಬಿಟ್ಟರೆ ಚರಟ ಗಟ್ಟಿಯಾಗಿ ಕೂರುತ್ತದೆ. ಮಿಕ್ಕಿದ್ದನ್ನು ಸೋಮವಾರದ ಅರ್ಧ ತೊಟ್ಟಿಯ ಮೇಲೆಯೇ ಸುರಿದಳು. ಆತ ಬಂದಾಗ ಹೇಳಿದರಾಯಿತು ಎಂದುಕೊಂಡಳು. ಮೇಲಿನಿಂದ ನೋಡಿದರೆ ಮೂರೂ ಒಂದೇ.

ಮಧ್ಯಾಹ್ನ ಓರ್ಲಿನ್ ಬಂದ. ಎಪ್ಪತ್ತು ದಾಟಿದ ಮನುಷ್ಯ.

"ಬದುಕಿದೀಯೇನಮ್ಮಾ? ನಿನ್ನ ಮುಖಕ್ಕಿಂತ ನನ್ನ ಪಿಕಪ್ಪೇ ವಾಸಿ."

"ಅದಕ್ಕೆ ಮೂರು ದಿನ ರಜಾನಾದ್ರೂ ಸಿಕ್ತು. ನನಗೆ?"

ಓರ್ಲಿನ್ ನಗಲು ಹೋಗಿ ಕೆಮ್ಮಿದ. "ಬರೀ ಒಣಹುಲ್ಲು ಹಾಕಿದ್ದಕ್ಕೆ ಹಸುಗಳು ನನ್ನ ಮುಖಾನೇ ನೋಡ್ತಿಲ್ಲ. ಅದ್ರಲ್ಲೂ ಮೊನ್ನೆ ಕರು ಹಾಕಿದವು ಎರಡು, ಏನಿಟ್ರೂ ಮೂಸಿ ಬಿಡ್ತವೆ. ಇವತ್ತು ಅವಕ್ಕೇ ಮೊದಲು." ಕೊನೆಗೆ ತುಂಬಿದ್ದ ತೊಟ್ಟಿ ಇನ್ನೂ ಹಬೆಯಾಡುತ್ತಿತ್ತು. ಆತ ಅದನ್ನು ತಟ್ಟಿದ. "ಇದು ಬೆಚ್ಚಗಿದೆ ನೋಡು. ಇದನ್ನೇ ಹಾಕ್ತೀನಿ."

ಮಾರ್ಲಿಸ್ ಫೋರ್ಕ್‌ಲಿಫ್ಟಿನ ಕಡೆ ತಿರುಗಿದಳು. ಅಡಿಯಲ್ಲಿ ಹಳೆಯದಿದೆ ಎಂದು ಹೇಳಿದರೆ ಮೇಲಿನದನ್ನೆಲ್ಲ ಮತ್ತೆ ಸಲಿಕೆಯಲ್ಲೇ ಎತ್ತಬೇಕು. ಕೂದಲು ಹಿಂದೆ ಸರಿಸುವುದಕ್ಕೂ ಅವಳ ಕೈ ಏಳುತ್ತಿರಲಿಲ್ಲ. ಸ್ವಲ್ಪ ಹುಳಿಯಾದದ್ದು ತಿಂದರೆ ಹಸುವಿಗೇನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಈಗಷ್ಟೇ ಕರು ಹಾಕಿದ ಹಸುವಿಗೆ? ಅದು ಕಾಯಿಲೆ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಫೋರ್ಕ್‌ಲಿಫ್ಟ್ ಹತ್ತಿದಳು, ತೊಟ್ಟಿಯನ್ನು ನೆಲದಿಂದ ಎತ್ತಿದಳು, ಗಾಡಿಯವರೆಗೂ ತಂದಳು. ಅಲ್ಲಿ ನಿಲ್ಲಿಸಿದಳು.

"ಓರ್ಲಿನ್, ಇದರ ಅಡೀಲಿ ಸೋಮವಾರದ್ದಿದೆ."

"ಅಡೀಲಾ? ಮೇಲೆ ಹಾಕಿದ್ಯಾರು?"

"ನಾನೇ. ಜಾಗ ಇರಲಿಲ್ಲ."

"ನೀನಾ?" ಎಂದಷ್ಟೇ ಕೇಳಿದ. ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ನೆಲಕ್ಕೆ ಟಾರ್ಪಾಲು ಹಾಸಿ, ಇಬ್ಬರೂ ಸಲಿಕೆ ಹಿಡಿದರು. ಅರ್ಧಕ್ಕಿಳಿಯುವಷ್ಟರಲ್ಲಿ ಹುಳಿ ನಾತ ಗಪ್ಪೆಂದು ಎದ್ದಿತು. ಬೂದುಬಣ್ಣದ ಬೂಸ್ಟು ಗಂಟುಗಂಟಾಗಿ ಕಟ್ಟಿತ್ತು.

"ಇದು ಗೊಬ್ಬರದ ಗುಂಡಿಗೆ," ಎಂದ ಓರ್ಲಿನ್, ಬೆನ್ನು ಹಿಡಿದುಕೊಂಡು. "ನಿಮ್ಮ ಮಾಲೀಕನ್ನ ಕರಿ. ಊಟಕ್ಕೆ ಮುಂಚೆ ಒಂದ್ಸಲ ಮೂಸ್ಲಿ."

ಮಾರ್ಲಿಸ್‌ಗೆ ನಗು ಬರಲಿಲ್ಲ. "ಉಳಿದೆರಡೂ ಇವತ್ತಿನವೇ," ಎಂದಳು.

"ಇರಬಹುದು."

ಓರ್ಲಿನ್ ಮೊದಲನೆಯ ತೊಟ್ಟಿಯ ಬಳಿಗೆ ಹೋಗಿ, ಸಲಿಕೆಯನ್ನು ಹಿಡಿಯವರೆಗೂ ಒತ್ತಿ, ತಳದ ಚರಟವನ್ನು ಮೇಲೆ ತಂದು ಮೂಸಿದ. ಇಷ್ಟು ವರ್ಷಗಳಲ್ಲಿ ಆತ ಹಾಗೆ ಮಾಡಿದ್ದು ಇದೇ ಮೊದಲು. ಮಾರ್ಲಿಸ್ ಎರಡನೆಯದರ ಮುಚ್ಚಳ ತೆಗೆದು, ಆತ ಬರುವವರೆಗೆ ಹಿಡಿದು ನಿಂತಳು.