ಬೈಪಾಸ್ ಫಿಲ್ಟರು ಮತ್ತು ಮಾವನ ಮೂಗು

ರಜಾದಿನ ಬೆಳಿಗ್ಗೆ ಕಾರಿನ ಬಾನೆಟ್ಟು ಏಳದೆ ಆ ಮನೆಯಲ್ಲಿ ಯಾರ ಹೊಟ್ಟೆಗೂ ತಿಂಡಿ ಇಳಿಯುತ್ತಿರಲಿಲ್ಲ. ಮಾವ ಇಂಜಿನ್ನಿನ ಎಣ್ಣೆಕಡ್ಡಿ ಎಳೆದು, ಹಳೆ ಬನಿಯನ್ನಿನ ಚಿಂದಿಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು, ಒಂದು ತೊಟ್ಟನ್ನು ಬೆರಳುಗಳ ನಡುವೆ ಉಜ್ಜಿ, ಮೂಗಿಗೆ ಹಿಡಿದು, "ಚಿನ್ನ ಕಣಮ್ಮ" ಅನ್ನಬೇಕು. ಆಮೇಲೇ ತಿಂಡಿ. ಅತ್ತೆಗೆ ಇದನ್ನು ನೋಡಿದರೆ ಮೈ ಉರಿಯುತ್ತಿತ್ತು.

"ನನ್ನ ಮುಖಾನ ಯಾವತ್ತಾದ್ರೂ ಇಷ್ಟು ಹತ್ತಿರದಿಂದ ನೋಡಿದೀರಾ?" ಎಂದು ಅಡುಗೆಮನೆಯ ಕಿಟಕಿಯಿಂದ ಕೂಗುತ್ತಿದ್ದಳು. ಮಾವನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಕೇಳಿಸಿದಂತೆ ತೋರಿಸಿಕೊಳ್ಳುತ್ತಿರಲಿಲ್ಲ.

ಕಾರು ಸೊಸೆಯದು. ಅವಳು ನರ್ಸು, ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಇಂಜೆಕ್ಷನ್ ಕೊಟ್ಟು, ಗಾಯ ತೊಳೆದು ಪಟ್ಟಿ ಕಟ್ಟಿ ಬರುವವಳು. ಈ ಕೆಲಸ ಸಿಕ್ಕಾಗ ಸ್ಟೀರಿಂಗ್ ಮುಟ್ಟಿಯೂ ಗೊತ್ತಿರಲಿಲ್ಲ. ಗಂಡ ದೂರದೂರಿನ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದು ಹೋಗುವವನು. ಕಲಿಸಿದ್ದು ಮಾವ. ಗೇಟಿಗೆ ಗುದ್ದಿದಾಗಲೂ ದನಿ ಏರಿಸದೆ, "ಗೇಟು ಹಳೇದಾಗಿತ್ತು ಬಿಡು" ಅಂದಿದ್ದ. ಹೆತ್ತ ಅಪ್ಪನೂ ಅಷ್ಟು ತಾಳ್ಮೆ ತೋರಿಸುತ್ತಿರಲಿಲ್ಲ ಎಂದು ಅವಳಿಗೆ ಇವತ್ತಿಗೂ ಅನ್ನಿಸುತ್ತದೆ.

ಅದು ಸಾಲದೆಂಬಂತೆ, ಅವಳು ದಾರಿಯಲ್ಲಿ ಕೆಟ್ಟು ನಿಲ್ಲಬಾರದೆಂದು ಇಂಜಿನ್ನಿನ ಪಕ್ಕಕ್ಕೆ ತನ್ನ ಕೈಯಾರೆ ಒಂದು ಬೈಪಾಸ್ ಫಿಲ್ಟರು ಕೂರಿಸಿಕೊಟ್ಟಿದ್ದ. ಕಾರಿಗೆ ಮೊದಲೇ ಇರುವ ಫಿಲ್ಟರು ದಪ್ಪ ಕೊಳೆಯನ್ನಷ್ಟೇ ಹಿಡಿಯುತ್ತದೆ. ಇದು ಹಾಗಲ್ಲ. ಹರಿಯುವ ಎಣ್ಣೆಯಲ್ಲಿ ಸ್ವಲ್ಪಸ್ವಲ್ಪವನ್ನೇ ಬೇರೆ ದಾರಿಗೆ ಎಳೆದುಕೊಂಡು, ಸಣ್ಣ ಮಸಿಯನ್ನೂ ಸೋಸಿ ವಾಪಸ್ಸು ಬಿಡುತ್ತದೆ. ಮಾವ ಬಸ್ ಡಿಪೋದಲ್ಲಿ ಮೇಸ್ತ್ರಿಯಾಗಿದ್ದವನು. ಅಲ್ಲಿ ಈ ಫಿಲ್ಟರು ಹಾಕಿದ ಬಸ್ಸುಗಳ ಎಣ್ಣೆ ಮಾಮೂಲಿಗಿಂತ ಎಷ್ಟೋ ಹೆಚ್ಚು ಓಡುತ್ತಿತ್ತಂತೆ. ಎಣ್ಣೆ ಬದಲಾಯಿಸಬೇಕೋ ಬೇಡವೋ ಎಂಬ ಅನುಮಾನ ಬಂದರೆ ಎಂಜಿನಿಯರುಗಳೂ ಕರೆಯುತ್ತಿದ್ದದ್ದು ಅವನ ಮೂಗನ್ನೇ. "ಇನ್ನೂ ಓಡುತ್ತೆ" ಎಂದು ಆ ಮೂಗು ಹೇಳಿದರೆ ಬಸ್ಸು ಓಡುತ್ತಿತ್ತು.

ಹೀಗಿರುವಾಗ ಒಂದು ದಿನ, ರೋಗಿಯೊಬ್ಬರ ಮನೆ ಮುಂದೆ ಇಂಜಿನ್ ಆಫ್ ಮಾಡುವ ಮೊದಲು ಡ್ಯಾಶ್‌ಬೋರ್ಡಿನ ಕೆಂಪು ಎಣ್ಣೆದೀಪ ಕಣ್ಣು ಮಿಟುಕಿಸಿತು. ಈ ಕಾರು ಮಲಗಿದರೆ ಸೊಸೆಯ ಕೆಲಸವೂ ಮಲಗಿದಂತೆ. ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳಲು ಕಾದಿರುವವರು ಕಾದೇ ಇರಬೇಕು. ಎಣ್ಣೆ ಕಡಿಮೆಯಾಗಿರಬೇಕೆಂದು ತಾನೇ ಕಡ್ಡಿ ಎಳೆದು ನೋಡಿದಳು. ಕಡಿಮೆಯಾಗುವುದಿರಲಿ, ಮೇಲಿನ ಗೆರೆಯನ್ನೂ ದಾಟಿತ್ತು.

ಮನೆಗೆ ಬಂದು ಹೇಳಿದ್ದಕ್ಕೆ ಮಾವ ಹಿಗ್ಗಿ ಹೀರೇಕಾಯಿಯಾದ. "ನೋಡಿದ್ಯಾ? ಒಂದು ತೊಟ್ಟೂ ಕುಡಿದಿಲ್ಲ ಇಂಜಿನ್ನು! ದೀಪದ ವಯರ್ ಎಲ್ಲೋ ಸಡಿಲ ಆಗಿರುತ್ತೆ, ನೋಡ್ತೀನಿ ಬಿಡು." ಕಡ್ಡಿ ಎಳೆದು, ಉಜ್ಜಿ, ಮೂಗಿಗೆ ಹಿಡಿದ. "ಚಿನ್ನ."

ಎಣ್ಣೆ ಕುಡಿಯದಿದ್ದರೆ ಸರಿ, ಆದರೆ ಹೆಚ್ಚಾಗುವುದೆಂದರೇನು? ಅವನು ಬಿಸಾಕಿ ಹೋದ ಚಿಂದಿಯನ್ನು ಸೊಸೆ ಎತ್ತಿಕೊಂಡಳು. ಗಾಯ ಕೀವಾಗುತ್ತಿದೆಯೋ ಇಲ್ಲವೋ ಎಂದು ಪಟ್ಟಿ ಬಿಚ್ಚುವ ಮೊದಲೇ ವಾಸನೆಯಿಂದ ಹೇಳಬಲ್ಲವಳು ಅವಳು. ಚಿಂದಿಯಿಂದ ಡೀಸೆಲ್ಲಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

ಆಗ ಅವಳಿಗೆ ನೆನಪಾದದ್ದು ಹಾಲು. ಹೋದ ವಾರ ಒಲೆಯ ಮೇಲೆ ಹಾಲು ಸೀದು ಮನೆಯೆಲ್ಲ ಕಮರು ವಾಸನೆ ಹಿಡಿದಿತ್ತು. ಮಾವ ಒಲೆಗೆ ಬೆನ್ನು ಮಾಡಿಕೊಂಡು ಪಕ್ಕದಲ್ಲೇ ಕೂತು ಆರಾಮಾಗಿ ಪೇಪರ್ ಓದುತ್ತಿದ್ದ. ಅತ್ತೆ ಕೈಗೆ ಸಿಕ್ಕ ಸೌಟು ಹಿಡಿದು ಬೈದಿದ್ದಳು.

ಯಾವುದಾದರೂ ಗ್ಯಾರೇಜಿನಲ್ಲಿ ಗುಟ್ಟಾಗಿ ಎಣ್ಣೆ ಬದಲಾಯಿಸಿಕೊಂಡು ಬರಲೇ ಎಂದು ಸೊಸೆ ಯೋಚಿಸಿದಳು. ಆದರೆ ಹೊಸ ಎಣ್ಣೆಯ ಬಣ್ಣ ಕಂಡೊಡನೆ ಅವನಿಗೆ ಗೊತ್ತಾಗಿಬಿಡುತ್ತದೆ. ಬೆನ್ನ ಹಿಂದೆ ಮಾಡಿದಳಲ್ಲ ಎಂದು ಆ ಜೀವ ಎಷ್ಟು ನೊಂದೀತು! ಹೇಳಿದರೆ? ಅವನಿಗೆ ಉಳಿದಿರುವ ದೊಡ್ಡಸ್ತಿಕೆಯೆಲ್ಲ ಈ ಬಾನೆಟ್ಟಿನ ಕೆಳಗೇ ಇತ್ತು. ಅದನ್ನು ಕಿತ್ತುಕೊಂಡಂತಾಗುತ್ತದೆ. ಚಿಂದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹಿತ್ತಲಿನ ಮೆಟ್ಟಿಲ ಮೇಲೆ ಅವನ ಪಕ್ಕ ಹೋಗಿ ಕೂತಳು.

"ಮಾವ, ನಿಮಗೆ ವಾಸನೆ ಬರ್ತಾ ಇಲ್ಲ, ಅಲ್ವಾ?"

ಮಾವ ತನ್ನ ಉಗುರಿನ ಮಸಿ ಕೆರೆದುಕೊಂಡ.

"ನೆಗಡಿ ಜ್ವರ ಬಂದು ಮಲಗಿದ್ನಲ್ಲ, ಆವತ್ತಿಂದ. ಬರುತ್ತೆ ಬರುತ್ತೆ ಅಂತ ಕಾದೆ. ಗೊತ್ತಾದ್ರೆ ಕಾರು ಮುಟ್ಟೋಕೆ ಬಿಡಲ್ಲ ಅಂತ ಸುಮ್ಮನಿದ್ದೆ. ನಿಮ್ಮತ್ತೆಗೆ ಮಾತ್ರ ಹೇಳ್ಬೇಡಮ್ಮ."

"ಹೇಳೋದೇನು, ನನಗೆ ಯಾವತ್ತೋ ಗೊತ್ತು," ಎಂದಿತು ಅಡುಗೆಮನೆಯ ಕಿಟಕಿ. "ಮದುವೆಯಾದಾಗಿಂದ ಒಂದು ದಿನ ಹೊಗಳದೇ ಇದ್ದೋರು, ಸೀದ ಪಲ್ಯಾನ ಘಮಘಮ ಅಂತಿದೆ ಅಂದ್ರೆ ಅನುಮಾನ ಬರಲ್ವಾ?"

ಮಾವ ನಗಬೇಕೋ ಅಳಬೇಕೋ ತಿಳಿಯದೆ ಸೊಸೆಯ ಮುಖ ನೋಡಿದ. ಅವಳು ಚಿಂದಿಯನ್ನು ಅವನ ಕೈಗಿಟ್ಟಳು. "ಎಣ್ಣೆಗೆ ಡೀಸೆಲ್ ಸೇರಿದೆ ಮಾವ. ಅದಕ್ಕೇ ಹೆಚ್ಚಾಗಿರೋದು. ಫಿಲ್ಟರ್ ಇದ್ರೂ ಯಾಕೆ ಹೀಗಾಯ್ತು?"

ಪ್ರಶ್ನೆ ಕೇಳಿದ್ದೇ ತಡ, ಮುದುಕನೊಳಗಿನ ಮೇಸ್ತ್ರಿ ಎದ್ದು ಕೂತ. "ಫಿಲ್ಟರ್ ಮಸಿ ಸೋಸುತ್ತೆ. ಹಾಲಿಗೆ ಬೆರೆತ ನೀರನ್ನ ಬಟ್ಟೆಲಿ ಸೋಸೋಕಾಗುತ್ತಾ?" ಅಂದವನು ತಟ್ಟನೆ ಹಣೆ ಚಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು! ಡಿಪೋ ಬಸ್ಸು ದಿನವಿಡೀ ಓಡ್ತಿತ್ತು. ಎಣ್ಣೆ ಚೆನ್ನಾಗಿ ಕಾಯ್ತಿತ್ತು, ಅಷ್ಟಿಷ್ಟು ಡೀಸೆಲ್ ಸೇರಿದ್ರೂ ಆವಿಯಾಗಿ ಹೋಗ್ತಿತ್ತು. ನೀನು ಈ ಬೀದಿಲಿ ನಿಲ್ಲಿಸಿ ಆ ಬೀದಿಲಿ ನಿಲ್ಲಿಸೋಳು. ನಿನ್ನ ಇಂಜಿನ್ನಿಗೆ ಬೆವರು ಬರೋದ್ರೊಳಗೆ ಆಫ್ ಮಾಡಿರ್ತೀಯ. ಬಸ್ಸಿನ ಲೆಕ್ಕಾನ ಕಾರಿಗೆ ಹಾಕಿಬಿಟ್ನಲ್ಲ! ಎಣ್ಣೆ ತೆಳ್ಳಗಾಗಿ ಒತ್ತಡ ಇಳಿದಿದ್ದಕ್ಕೇ ಆ ದೀಪ ಮಿಟುಕಿರೋದು. ತೆಳ್ಳಗಾದ ಎಣ್ಣೆಲಿ ಇನ್ನೊಂದಿಷ್ಟು ಓಡಿಸಿದ್ದಿದ್ರೆ ಬೇರಿಂಗೆಲ್ಲ ಎಕ್ಕುಟ್ಟಿ ಹೋಗ್ತಿತ್ತು. ನಡುರಸ್ತೆಲಿ ನಿಲ್ಲಿಸಿಬಿಡ್ತಿದ್ನಲ್ಲಮ್ಮ ನಿನ್ನ!"

"ನೀವು ವಾರವಾರ ಕಡ್ಡಿ ಎಳೆದು ನೋಡ್ತಿದ್ರಿ. ಅದನ್ನ ನೋಡಿನೋಡಿಯೇ ನಾನೂ ಎಳೆದು ನೋಡಿದ್ದು ಮಾವ. ಇಲ್ದಿದ್ರೆ ನಂಗೆ ಆ ಕಡ್ಡಿ ಎಲ್ಲಿದೆ ಅಂತ ಯಾರು ಹೇಳ್ತಿದ್ರು?" ಅಂದಳು. ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ.

ಅವತ್ತೇ ಇಬ್ಬರೂ ಸೇರಿ ಹಳೆ ಎಣ್ಣೆ ಇಳಿಸಿದರು. ತಗಡಿನ ಟ್ರೇ ಅಂಚಿನವರೆಗೂ ತುಂಬಿತು. ತಾನು ಹಾಕಿದ್ದಕ್ಕಿಂತ ಹೆಚ್ಚು ಹೊರಬಂದದ್ದನ್ನು ಮಾವ ಕಣ್ಣಾರೆ ಕಂಡ. ಮೂಗು ಹೇಳದ್ದನ್ನು ಟ್ರೇ ಹೇಳಿತ್ತು. ಹೊಸ ಎಣ್ಣೆ ತುಂಬಿಸಿ, ಮಾರನೆಯ ದಿನ ಗ್ಯಾರೇಜಿನಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಪರೀಕ್ಷಿಸಿದಾಗ ಒಂದು ಸೋರುತ್ತಿರುವುದು ಸಿಕ್ಕಿತು. ಅದನ್ನು ಬದಲಾಯಿಸಿದರು. ಬೇರಿಂಗುಗಳು ನೆಟ್ಟಗಿದ್ದವು. ಬೈಪಾಸ್ ಫಿಲ್ಟರನ್ನು ಮಾವ ಕಿತ್ತುಹಾಕಲಿಲ್ಲ. ಆದರೆ, ಇನ್ನು ಮೇಲೆ ಫಿಲ್ಟರನ್ನು ನಂಬಿಕೊಂಡು ಎಣ್ಣೆಯ ಗಡುವು ಮುಂದೂಡುವಂತಿಲ್ಲ, ಊರೊಳಗಿನ ಓಡಾಟಕ್ಕೆ ಮಾಮೂಲಿಗಿಂತ ಮುಂಚೆಯೇ ಬದಲಾಯಿಸಬೇಕು ಎಂದು ತನಗೆ ತಾನೇ ಕಟ್ಟಪ್ಪಣೆ ಮಾಡಿಕೊಂಡ. ದೀಪ ಮತ್ತೆ ಮಿಟುಕಲಿಲ್ಲ.

ಮುಂದಿನ ರಜಾದಿನ ಬಾನೆಟ್ಟು ಏಳಲಿಲ್ಲ. ತಿಂಡಿ ತಟ್ಟೆಗೆ ಬಂತು. ಮಾವ ತಟ್ಟೆ ನೋಡುತ್ತ ಕೂತ. ಆ ಮುಖ ನೋಡಲಾರದೆ ಅತ್ತೆಯೇ ತಟ್ಟೆ ಎತ್ತಿಕೊಂಡಳು. "ಹೋಗ್ರೀ, ಮೊದಲು ನಿಮ್ಮ ಕಡ್ಡಿ ನೋಡ್ಕೊಂಡ್ ಬನ್ನಿ."

ಸೊಸೆ ಆಗಲೇ ಬಾನೆಟ್ಟು ಎತ್ತಿ ನಿಂತಿದ್ದಳು. ಮಾವ ಕಡ್ಡಿ ಎಳೆದ, ಒರೆಸಿದ, ಅದ್ದಿದ, ಗೆರೆ ನೋಡಿದ, ಒಂದು ತೊಟ್ಟನ್ನು ಬೆರಳುಗಳ ನಡುವೆ ಉಜ್ಜಿದ. ಅಭ್ಯಾಸಬಲದಿಂದ ಮೂಗಿನತ್ತ ಹೊರಟ ಕೈ ಅರ್ಧದಲ್ಲಿ ನಿಂತಿತು. ಆಮೇಲೆ ನಿಧಾನಕ್ಕೆ ಸೊಸೆಯ ಮೂಗಿನ ಹತ್ತಿರ ಬಂತು.

"ಬೆರಳು ನಂದು, ಮೂಗು ನಿಂದು. ಹೇಳು."

ಅವಳು ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಬರೀ ಎಣ್ಣೆಯ ವಾಸನೆ, ಡೀಸೆಲ್ಲಿನ ಸುಳಿವಿಲ್ಲ.

"ಚಿನ್ನ, ಮಾವ," ಅಂದಳು.