ತಂಗಿಯ ಎಡಗಿವಿ

ನಾನೊಂದು ಹೆಣ್ಣು ಸುಂಡಿಲಿ. ಗಣಪತಿಯ ವಾಹನದ ಜಾತಿಯವಳಾದರೂ ನನಗೆ ಕೈಮುಗಿದವರು ಯಾರೂ ಇಲ್ಲ. ಧಾರವಾಡದ ಒಂದು ಸಂಶೋಧನಾಲಯದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಮೆಕ್ಕೆಜೋಳದ ದಿಂಡಿನ ಪುಡಿಯ ಮೇಲೆ ಹುಟ್ಟಿದೆ. ನನ್ನ ಬೆನ್ನಿಗೇ ತಂಗಿ ಹುಟ್ಟಿದಳು.

ನಮ್ಮನ್ನು ಹುಟ್ಟಿಸಿದ್ದೇ ಒಂದು ಪ್ರಶ್ನೆಗಾಗಿ. ಮೂಳೆಯ ಮಜ್ಜೆಯಲ್ಲಿ ಬಿ ಕೋಶಗಳೆಂಬ ಕಾವಲುಗಾರರು ಬೆಳೆಯುತ್ತಾರೆ. ದೊಡ್ಡವರಾದ ಮೇಲೆ, ರೋಗಾಣುಗಳನ್ನು ಹಿಡಿದುಹಾಕುವ ಪ್ರತಿಕಾಯಗಳನ್ನು ರಕ್ತಕ್ಕೆ ಬಿಡುತ್ತಾರೆ. ಅವರಿಗೆ ಬೆಳೆಯಲು ಅಪ್ಪಣೆ ಕೊಡುವ ಜೀನ್ ಒಂದಿದೆ. ಅದನ್ನು ನಮ್ಮ ವಂಶದ ಕೆಲವರಲ್ಲಿ ಮನುಷ್ಯರು ಬೇಕೆಂದೇ ಕೆಡಿಸಿದ್ದರು. ಬಾಲದ ತುದಿ ಕತ್ತರಿಸಿ ಪರೀಕ್ಷಿಸಿದಾಗ ನನ್ನಲ್ಲಿ ಆ ಜೀನ್ ಸರಿಯಾಗಿತ್ತು, ತಂಗಿಯಲ್ಲಿ ಕೆಟ್ಟಿತ್ತು. ಗುರುತಿಗೆಂದು ನನ್ನ ಬಲಗಿವಿಗೆ, ಅವಳ ಎಡಗಿವಿಗೆ ಕಚ್ಚು ಹಾಕಿದರು. ಇಬ್ಬರೂ ಕಿರುಚಿದೆವು. ನಮ್ಮ ಸಣ್ಣ ದನಿ ಮನುಷ್ಯರ ಕಿವಿಗೆ ಬೀಳುವುದಿಲ್ಲ, ಅದೇ ಅವರ ಪುಣ್ಯ.

ನಮ್ಮ ಯಜಮಾನತಿ ದಾಕ್ಷಾಯಿಣಿ. ಹೊಸಮನಿ ಸರ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು. ಬಹಳ ಮೃದು ಮನಸ್ಸಿನ ಹುಡುಗಿ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಮೃದು ಮನಸ್ಸೇ ನಮಗೆ ಮುಳುವಾಯಿತು. ಇಲಿಯ ತಲೆಯನ್ನು ಆಚೆ ಮಾಡಿ ಹಿಡಿದು, ಬಾಲದ ಕಡೆಯಿಂದ ಕಿವಿ ನೋಡುವುದು ಅಲ್ಲಿನ ಕ್ರಮ. ಇವಳಿಗೋ ನಮ್ಮನ್ನು ಎದುರಿಗೆ ಹಿಡಿದು ಮಾತಾಡಿಸುವ ಚಟ.

"ಏನವ್ವಾ ಚಿನ್ನಾ, ಉಂಡೇನು?" ಎಂದು ಮೂತಿಗೆ ಮೂತಿ ತರುತ್ತಿದ್ದಳು.

ಸತ್ತ ರೋಗಾಣುಗಳನ್ನು ನಮ್ಮಿಬ್ಬರಿಗೂ ಚುಚ್ಚಿದರು. ನನ್ನ ರಕ್ತದಲ್ಲಿ ಪ್ರತಿಕಾಯಗಳು ತುಂಬಿಕೊಂಡವು. ತಂಗಿಯ ರಕ್ತ ಬರಿದಾಗಿಯೇ ಉಳಿಯಿತು. ಮುಂದಿನ ಯೋಜನೆ ಹೀಗಿತ್ತು: ಗಟ್ಟಿ ಇಲಿಯ ರಕ್ತವನ್ನೆಲ್ಲ ಬಸಿದು, ಪ್ರತಿಕಾಯಗಳಿರುವ ಅದರ ತಿಳಿಯನ್ನು ದುರ್ಬಲ ಇಲಿಗೆ ಕೊಟ್ಟು, ಆಮೇಲೆ ಜೀವಂತ ರೋಗಾಣು ಚುಚ್ಚಿ, ಆ ದುರ್ಬಲ ಇಲಿ ಬದುಕುತ್ತದೆಯೇ ನೋಡುವುದು. ಅಂದರೆ ಸಾಯಬೇಕಾದವಳು ನಾನು. ತಂಗಿಗೆ ಬದುಕುವ ಆಸೆಯಾದರೂ ಇತ್ತು.

ಆ ದಿನ ದಾಕ್ಷಾಯಿಣಿ ತಂಗಿಯನ್ನು ಎತ್ತಿ ಎಂದಿನಂತೆ ಮುಖ ನೋಡಿದಳು. ಎದುರಿಗೆ ಹಿಡಿದದ್ದರಿಂದ ತಂಗಿಯ ಎಡಗಿವಿ ದಾಕ್ಷಾಯಿಣಿಯ ಬಲಕ್ಕೆ ಬಂತು, ಅದನ್ನೇ ಬಲಗಿವಿ ಎಂದುಕೊಂಡಳು.

"ಇವಳ ನೋಡ್ರಿ ಸರ್ ಗಟ್ಟಿಗಿತ್ತಿ."

"ಮೊದ್ಲ ಒಂದು ಹನಿ ರಕ್ತ ಟೆಸ್ಟ್ ಮಾಡವ್ವಾ," ಎಂದರು ಹೊಸಮನಿ ಸರ್.

"ಆಮ್ಯಾಲೆ ಮಾಡ್ತೀನ್ರಿ."

ತಂಗಿಗೆ ಮತ್ತಿನ ಔಷಧ ಹಿಡಿದರು. "ನೋವಾಗಂಗಿಲ್ಲವ್ವಾ," ಎಂದು ಅವಳ ತಲೆ ಸವರಿ, ಸೂಜಿಯನ್ನು ನೇರ ಎದೆಗೆ ಇಳಿಸಿದಳು. ಸಿರಿಂಜು ತುಂಬಿತು. ತಂಗಿಯನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿದರು.

ಆ ಬರಿದು ರಕ್ತದ ತಿಳಿ ನನ್ನ ಮೈ ಸೇರಿತು. ಹಿಂದೆಯೇ ರೋಗಾಣುಗಳೂ ಬಂದವು. ಒಂದೆರಡು ದಿನ ಮುದುರಿ ಮಲಗಿದೆ, ಆಮೇಲೆ ಎದ್ದು ಕಾಳು ತಿಂದೆ. ಏಳದೆ ಏನು, ನನ್ನ ಕಾವಲುಗಾರರು ನನ್ನೊಳಗೇ ಇದ್ದರಲ್ಲ.

"ಬದುಕ್ತು ನೋಡ್ರಿ ಸರ್!" ಎಂದು ದಾಕ್ಷಾಯಿಣಿ ಕುಣಿದಾಡಿದಳು. ಎಲ್ಲರಿಗೂ ಫೇಡೆ ಹಂಚಿದಳು. ನನ್ನ ಮೂಗಿಗೆ ಅದರ ತುಪ್ಪದ ವಾಸನೆ ಬಡಿದಾಗ ಹೊಟ್ಟೆ ಉರಿದುಹೋಯಿತು.

ಉಳಿದ ತಿಳಿಯನ್ನು ಅವಳು ಪರೀಕ್ಷಿಸಿದ್ದು ಅನಂತರ. ಅದರಲ್ಲಿ ಒಂದು ಪ್ರತಿಕಾಯವೂ ಇರಲಿಲ್ಲ. ಹೊಸಮನಿ ಸರ್ ಬಂದು, ನನ್ನ ತಲೆಯನ್ನು ಆಚೆ ಮಾಡಿ ಎತ್ತಿ ಹಿಡಿದರು.

"ಕಚ್ಚು ಬಲಗಿವಿಗೈತಲ್ಲವ್ವಾ. ಗಟ್ಟಿ ಇಲಿ ಇದು. ಹಂಗಾದ್ರ ನೀ ಕೊಂದದ್ದು ಯಾವುದನ್ನ?"

ದಾಕ್ಷಾಯಿಣಿ ಬಿಕ್ಕಿ ಬಿಕ್ಕಿ ಅತ್ತಳು.

"ಅಳಬ್ಯಾಡ. ಇದನ್ನ ಲೆಕ್ಕಕ್ಕ ಹಿಡಿಯಾಕ ಬರಂಗಿಲ್ಲ, ತಗದುಬಿಡು. ಬ್ಯಾರೆ ಜೋಡಿ ತಗೋ. ಇಲಿಗೇನು ಬರ?"

ಮೂಲೆಯ ಕಪಾಟಿನಲ್ಲಿ ನನ್ನ ಪೆಟ್ಟಿಗೆ ಇಟ್ಟಿದ್ದಾರೆ. ತಂಗಿ ಮಲಗುತ್ತಿದ್ದ ಕಡೆ ಹಾಸಿಗೆ ಇನ್ನೂ ತಗ್ಗಾಗಿದೆ. ವಿದ್ಯೆಗಾಗಿ ಸತ್ತಳು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಅದೂ ಇಲ್ಲ. ಅವಳ ಸಾವಿನಿಂದ ಯಾರಿಗೂ ಏನೂ ತಿಳಿಯಲಿಲ್ಲ. ನನ್ನ ಸಾವಿನಿಂದಲೂ ತಿಳಿಯುವುದಿಲ್ಲ.

ದಾಕ್ಷಾಯಿಣಿ ಬಂದಳು. ಮುಚ್ಚಳ ತೆಗೆದಳು. ಚಿನ್ನಾ ಅನ್ನಲಿಲ್ಲ, ಉಂಡೆಯಾ ಎಂದು ಕೇಳಲಿಲ್ಲ. ತಲೆಯನ್ನು ಆಚೆ ಮಾಡಿ ಬಾಲದ ಕಡೆಯಿಂದ ನನ್ನನ್ನು ಎತ್ತಿದಳು. ಪಾಠ ಚೆನ್ನಾಗಿ ಕಲಿತಿದ್ದಾಳೆ.